ಗೊಂಬೆಯವಳ ಗಂಡ

“ಗುರುಗಳೇ, ನನ್ನ ಹೆಂಡತಿ ನನಗಿಂತ ಹೆಚ್ಚು ಸಂಪಾದಿಸುತ್ತಾಳೆ. ಒಂದು ದಿನವೂ ಅದನ್ನು ಆಡಿ ತೋರಿಸಿದವಳಲ್ಲ. ಆದರೂ ಅವಳು ಬಡಿಸಿದ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಏಕೆ?” ಎಂದು ಶಿಷ್ಯ ಗುರುಪಾದ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದ. ಅವನು ಮಡಕೆ ಮಾಡುತ್ತಿದ್ದ. ಅವರ ಕುಲದಲ್ಲಿ ಹೆಂಗಸರು ಮಡಕೆ ತಿರುಗಿಸುವ ಚಕ್ರವನ್ನು, ಆ ತಿಗರಿಯನ್ನು, ಮುಟ್ಟುವಂತಿರಲಿಲ್ಲ. ಹಾಗಾಗಿ ಅವನ ಹೆಂಡತಿ ಮಿಕ್ಕ ಮಣ್ಣಿನಲ್ಲಿ ಕೈಯಿಂದಲೇ ಗೊಂಬೆ ಮಾಡುತ್ತಿದ್ದಳು. ಮಾಡುವಾಗ ಹಾಡಿಕೊಳ್ಳುತ್ತಿದ್ದಳು. ಗೊಂಬೆಗಳನ್ನು ಸುಡುವಾಗ ಬೆಂಕಿಯ ಝಳ ನೇರವಾಗಿ ತಾಗದಿರಲೆಂದು ಕುಂಬಾರನೇ ಅವನ್ನು ತನ್ನ ಮಡಕೆಗಳ ಹೊಟ್ಟೆಯೊಳಗೆ ಇಟ್ಟು, ಮಡಕೆ ಸುಡುವ ಆವಿಗೆಯನ್ನು ಜೋಡಿಸುತ್ತಿದ್ದ.

ಬರಬರುತ್ತ ಮಡಕೆಗೆ ಗಿರಾಕಿ ಕಡಿಮೆಯಾದರು, ಗೊಂಬೆಗೆ ಹೆಚ್ಚಾದರು. ಮನೆಯ ಒಲೆ ಗೊಂಬೆಯಿಂದಲೇ ಉರಿಯತೊಡಗಿತು. ಪರವೂರಿನವರು ಬಂದು, “ಗೊಂಬೆಯವಳ ಮನೆ ಯಾವುದು?” ಎಂದು ಅವನನ್ನೇ ಕೇಳುತ್ತಿದ್ದರು. ಅವನು ಕೈ ತೋರಿಸುತ್ತಿದ್ದ. ತೋರಿಸಿದ ಕೈ ಉರಿಯುತ್ತಿತ್ತು. ಅವಳು ಒಮ್ಮೆಯಾದರೂ ಹಂಗಿಸಿದ್ದರೆ ಜಗಳವಾಡಿ ಹಗುರಾಗುತ್ತಿದ್ದನೇನೋ. ಪಾಪ, ಆಕೆಗೆ ಹಂಗಿಸಲು ಬರುತ್ತಿರಲಿಲ್ಲ.

ಒಂದು ದಿನ ಹೆಂಡತಿ ಸೌದೆಗೆ ಹೋದಾಗ ಅವನು ಒಣಗಿದ್ದ ಗೊಂಬೆಗಳಿಗೆಲ್ಲ ಒದ್ದೆ ಬಟ್ಟೆ ಸುತ್ತಿಟ್ಟ. ಹಸಿ ಒಳಗಿಳಿದ ಮೇಲೆ ಬಟ್ಟೆ ತೆಗೆದು, ಹೊರಮೈಯನ್ನಷ್ಟೇ ಒಣಗಿಸಿದ. ಒಳಗೆ ಹಸಿಯಿರುವ ಮಣ್ಣು ಬೆಂಕಿಯಲ್ಲಿ ಸಿಡಿಯುತ್ತದೆಂದು ಕುಂಬಾರನಿಗೆ ಹೇಳಿಕೊಡಬೇಕೆ? ಮಾರನೆಯ ದಿನ ಆವಿಗೆ ಜೋಡಿಸಿದ. ಮನಸ್ಸಿನ ತುಂಬ ಕಿಚ್ಚಿತ್ತು. ಕೈ ಮಾತ್ರ ಎಂದಿನ ರೂಢಿಯಲ್ಲಿ ಗೊಂಬೆಗಳನ್ನು ಮಡಕೆಗಳ ಹೊಟ್ಟೆಯೊಳಗೇ ಇಟ್ಟಿತು.

ಬೆಂಕಿ ಏರುತ್ತಿದ್ದಂತೆ ಆವಿಗೆಯೊಳಗೆ ಸದ್ದಾಯಿತು. ಅವನಿಗೆ ಸಂತೋಷವಾಯಿತು. ಆರಿದ ಮೇಲೆ ತೆಗೆದು ನೋಡಿದರೆ ಒಂದು ಗೊಂಬೆಯೂ ಉಳಿದಿರಲಿಲ್ಲ. ಒಂದು ಮಡಕೆಯೂ ಉಳಿದಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಕುಂಬಾರನ ಕೈಯಲ್ಲೇ ಇತ್ತು.

ಹೆಂಡತಿ ಒಂದು ಚೂರನ್ನು ಎತ್ತಿ, ತಿರುಗಿಸಿ ನೋಡಿದಳು. ಅವಳೂ ಕುಂಬಾರರ ಮನೆಯ ಮಗಳೇ.

“ಒಳಗಿಂದ ಒಡೆದಾವೆ,” ಎಂದಳು. ಅವನು ಮುಖ ತಿರುಗಿಸಿದ. “ಗೊಂಬೆ ಮಾಡಬ್ಯಾಡ ಅಂದಿದ್ರೆ ಬಿಡ್ತಿದ್ದೆನಲ್ಲ,” ಎಂದಳು.

ಆಮೇಲೆ ಅವಳು ಗೊಂಬೆ ಮಾಡಲಿಲ್ಲ. ಹಾಡಲೂ ಇಲ್ಲ. ಮಡಕೆಯ ದುಡಿಮೆಯಲ್ಲಿ ಇಬ್ಬರೂ ಅರೆಹೊಟ್ಟೆ ಉಂಡರು. ಅವಳು ಬಡಿಸುತ್ತಿದ್ದಳು, ಅವನು ತಲೆ ಎತ್ತದೆ ಉಣ್ಣುತ್ತಿದ್ದ. ಸಾಯುವವರೆಗೂ ಹಾಗೆಯೇ ಬದುಕಿದರು.

ಗುರುಗಳು ಕತೆ ಮುಗಿಸಿದರು. ಗುರುಪಾದ ಅವಸರದಿಂದ, “ನಾನು ಅಂಥದ್ದೇನೂ ಮಾಡಿಲ್ಲ, ಗುರುಗಳೇ,” ಎಂದ.

“ಒದ್ದೆ ಬಟ್ಟೆ ಸುತ್ತುವವರೆಗೆ ಕುಂಬಾರನೂ ಏನೂ ಮಾಡಿರಲಿಲ್ಲ,” ಎಂದರು ಗುರುಗಳು.