ಕೆಂಪೆದೆಯವರ ಗೆರಿ

ಬಾಳ ಹಿಂದಿನ ಮಾತು. ಎಷ್ಟು ಹಿಂದ ಅಂತ ಕೇಳಬ್ಯಾಡ್ರಿ, ನಮ್ಮಜ್ಜಗೂ ವರ್ಷ ನೆಟ್ಟಗ ನೆನಪಿರಲಿಲ್ಲ. ಈಗ ನಿಮ್ಮ ಯೂನಿವರ್ಸಿಟಿ ಇರೋ ಜಾಗದಾಗ ಬರೇ ಜಾಲಿ ಕಂಟಿ, ಒಂದು ಹೊಂಡ, ಹೊಂಡದ ದಂಡಿಗೆ ಆಡು ಸಾಕೋರ ಹತ್ತು ಗುಡಿಸಲದ ಒಂದು ಊರು. ಆ ಊರಾಗ ಹಗ್ಗದ ಲಚಮವ್ವ ಅಂತ ಒಬ್ಬಾಕಿ ಇದ್ಳು.

ನೀವು ಯೂನಿವರ್ಸಿಟಿ ಹುಡುಗ ಹುಡುಗ್ಯಾರು ಹಾರ ಹಿಡಕೊಂಡು ಬಂದೀರಿ. ನಿಮ್ಮ ತಂಡದ ಹೆಸರು ಕೆಂಪೆದೆಯವರು, ಆಟಕ್ಕ ಮೊದಲು ಎದಿಗೆ ಕೆಮ್ಮಣ್ಣಿನ ಗೆರಿ ಎಳಕೊಳ್ಳೋದು ನಿಮ್ಮ ರೂಢಿ. ಈ ವರ್ಷದ ಮೊದಲನೇ ಗೆರಿ ಫಕೀರಗೌಡನ ಮರಿಮಗನಾದ ನಾನೇ ಎಳೀಬೇಕಂತೀರಿ. ಹಾರ ಆ ಕಟ್ಟಿ ಮ್ಯಾಲ ಇಡ್ರಿ ತಮ್ಮಾ. ಕಥಿ ಕೇಳಿದ ಮ್ಯಾಲ ಹಾಕೋ ಮನಸ್ಸಿದ್ರ ಹಾಕೀರಂತ.

ಲಚಮವ್ವ ಆಡಿನ ಕೂದಲಿಂದ ಹಗ್ಗ ಹೊಸೀತಿದ್ಳು. ಆಕಿ ಹೊಸೆದ ಹಗ್ಗಕ್ಕ ಆನಿ ಕಟ್ಟಿದ್ರೂ ಹರೀತಿರಲಿಲ್ಲ ಅಂತಾರ. ಆಳು ಮಾತ್ರ ಬಾಳ ಗಿಡ್ಡ. ನಿಂತ್ರೂ ಕೂತಂಗ ಕಾಣ್ತಿದ್ಳು ಅಂತ ನಮ್ಮಜ್ಜಿ ನಗಸ್ತಿದ್ಳು.

ಒಂದಿನ ಸರ್ಕಾರ ಡಂಗುರ ಹೊಡಸ್ತು. ಕಂಟಿ ನೆಲ ಖಾಲಿ ಬಿದ್ದೈತಿ, ಗೆರಿ ಮ್ಯಾಲ ನಿಲ್ರಿ, ಡೊಳ್ಳು ಬಾರಿಸಿದ ಮ್ಯಾಲ ಓಡ್ರಿ, ಯಾರು ಎಲ್ಲಿ ಗೂಟ ಹುಗೀತಾರೋ ಆ ನೆಲ ಅವರದು. ಖಾಲಿ ಅಂತ! ಹತ್ತು ಗುಡಿಸಲದಾಗ ಒಲಿ ಉರೀತಿತ್ತು, ಸಾಹೇಬನ ಕಣ್ಣಿಗೆ ಹೊಗಿನೂ ಕಾಣಲಿಲ್ಲ. ಲಚಮವ್ವ ಕೇಳಿದ್ದಕ್ಕ, ನಿನ್ನ ಗುಡಿಸಲಕ್ಕೂ ನೀ ಡೊಳ್ಳಾದ ಮ್ಯಾಲ ಓಡಿ ಹೋಗಿ ಗೂಟ ಹುಗೀಬೇಕು ಅಂದ್ನಂತ. ಅದರ ಮ್ಯಾಲ, ಡೊಳ್ಳಿಗಿಂತ ಮೊದಲು ಮಂದಿ ಓಡದಂಗ ತಡಿಯಾಕ ಹಗ್ಗಾನೂ ಆಕಿ ಕಡೀಂದನ ಹೊಸಿಸಿದ.

ಹರದಾರಿ ಉದ್ದದ ಹಗ್ಗ ಹೊಸೆದ್ಳು ಅಂತಾರ. ನಸುಕಿನ್ಯಾಗ ಅದಕ್ಕ ಹಸಿ ಕೆಮ್ಮಣ್ಣು ಬಳಿಯೋದು, ಕಾದು ನಿಂತವರ ಮೈಗೆ ಅದರ ಗುರುತು ಬೀಳಬೇಕು, ಗುರುತಿಲ್ಲದವಗ ನೆಲ ಇಲ್ಲ ಅನ್ನೋದು ಸಾಹೇಬನ ಹಿಕಮತ್ತು. ಹಿಂದಿನ ದಿನಾನೇ ಇದನ್ನ ಸಾರಿದ್ರು. ಮರುದಿನ ಲಚಮವ್ವ ತನ್ನ ನಡದ ಎತ್ತರಕ್ಕ ಕವಲುಗೂಟ ನೆಟ್ಟು ಹಗ್ಗ ಬಿಗಿದ್ಳು. ಆಕಿ ನಡ ಅಂದ್ರ ಉಳಿದವರಿಗೆ ತೊಡಿ. ಗೆರಿ ಎಲ್ಲಾರ ತೊಡಿಗೇ ಬಿತ್ತು.

ಡೊಳ್ಳು ಬಾರಿಸ್ತು. ಹಗ್ಗ ನೆಲಕ್ಕಿಳಿಸಿದ್ರು, ಮಂದಿ ಹುಚ್ಚೆದ್ದು ಓಡಿದ್ರು, ಎತ್ತಿನ ಗಾಡಿ ಇದ್ದವರು ಗಾಡಿ ಹೊಡದ್ರು. ಗಾಡಿ ಗಾಲಿಗೆ ಹಗ್ಗ ಸುತ್ತಿಕೊಂಡ್ರ ಎತ್ತು ಸಾಯ್ತಾವು, ಅದಕ್ಕ ತುದಿ ಹಿಡಿ ಅಂತ ಎಲ್ಲಾರೂ ಒದರಿದ್ರು, ಲಚಮವ್ವ ಬಿಗಿಹಿಡದು ನಿಂತ್ಳು. ಕಡೀಕ ಒಬ್ಬ ಕುಂಟ ಮುದುಕ ಬಂದ. ಅವ ದಾಟೋ ತನಕಾನೂ ಆಕಿ ಕೈ ಬಿಡಲಿಲ್ಲ ಅಂತಾರ. ಆಮ್ಯಾಲ ಓಡಿದ್ಳು.

ಗುಡಿಸಲ ಮುಂದ ಗೂಟ ಆಗಲೇ ಇತ್ತು. ಗೂಟದ ಬಾಜೂಕ ನಮ್ಮ ಮುತ್ತಜ್ಜ ಫಕೀರಗೌಡ ಬೆವರಿಲ್ಲದ ಮಾರಿ ಹೊತ್ತು ನಿಂತಿದ್ದ. ಹೇಳಾಕ ನಾಲಿಗಿ ಏಳವಲ್ದು ನನಗ, ಆದ್ರೂ ಹೇಳ್ತೀನಿ. ಅವ ಹಿಂದಿನ ದಿನ ಸಂಜಿಮುಂದನ ಒಳಗ ನುಗ್ಗಿ ಕಂಟ್ಯಾಗ ಅಡಗಿದ್ದ. ಹಗ್ಗ ಬಿಗಿದದ್ದು ನೋಡಿರಲಿಲ್ಲ. ಹುತ್ತದ ಕೆಂಪು ಮಣ್ಣು ಕಲಸಿ ತನಗ ತೋಚಿದ ಎತ್ತರಕ್ಕ ಗೆರಿ ಎಳಕೊಂಡಿದ್ದ. ಎದಿಗೆ.

ನಿಮ್ಮ ಕೈ ಯಾಕ ಎದಿ ಮುಚ್ಚಾಕತ್ಯಾವ ತಂಗೀ? ಇರ್ಲಿ, ಕೇಳ್ರಿ.

ಸಾಹೇಬ ಬಂದ. ನೂರು ಮಂದಿ ನೆರೆದ್ರು. ನೂರು ಮಂದಿ ತೊಡಿ ಮ್ಯಾಲ ಗೆರಿ, ಒಬ್ಬನ ಎದಿ ಮ್ಯಾಲ. ಕಣ್ಣಿದ್ದವರಿಗೆಲ್ಲ ಕಂಡಿತ್ತು. ಇವ ಹಗ್ಗದ ಹಿಂದ ನಿಂತಿರಲಿಲ್ಲ ಅನ್ನೋರು ಯಾರರ ಅದೀರೇನು ಅಂತ ಸಾಹೇಬ ಕೇಳಿದ. ಒಬ್ಬರೂ ಪಿಟಕ್ಕನಲಿಲ್ಲ. ಬಾಯಿ ಬಿಟ್ರ ಓಟ ರದ್ದಾಗಿ ತಮ್ಮ ಗೂಟನೂ ಕೀಳಬೇಕಾಗ್ತದ ಅಂತ ಎಲ್ಲಾರಿಗೂ ಅಂಜಿಕಿ. ಆ ಕುಂಟ ಮುದುಕನೂ ನೆಲ ನೋಡಿದ ಅಂತಾರ. ಸಾಹೇಬಗೂ ಊಟದ ಹೊತ್ತಾಗಿತ್ತು, ಫಕೀರಗೌಡನ ಹೆಸರು ಬರಕೊಂಡು ಹೋದ.

ಲಚಮವ್ವ ಅಳಲಿಲ್ಲ, ಶಾಪಾನೂ ಹಾಕಲಿಲ್ಲ. "ಹಿಡಿ ಅಂದ್ರಿ, ಹಿಡಿದೆ. ಎಲ್ಲಾರೂ ದಾಟಿದ್ರಿ" ಅಂದ್ಳಂತ, ಅಷ್ಟೇ. ಹಗ್ಗ ಸುತ್ತಿ ಹೆಗಲಿಗೆ ಹಾಕ್ಕೊಂಡು, ಆಡು ಹೊಡಕೊಂಡು ಗುಡ್ಡದ ಆಚೆ ಹೋದ್ಳು. ಹತ್ತೂ ಗುಡಿಸಲದವರು ಆಕಿ ಹಿಂದ ಹೋದ್ರು. ಆ ದಿನ ಹೊಂಡದ ನೀರು ಕೆಂಪಾತು ಅಂತಾರ, ನನಗ ಗೊತ್ತಿಲ್ಲ. ನಮ್ಮ ಮನಿಯವರು ಆ ನೀರು ಕುಡದು ದೊಡ್ಡವರಾದ್ವಿ, ಅದು ಗೊತ್ತೈತಿ.

ಆಮ್ಯಾಲ ಅದೇ ನೆಲ ಸಾಲಿಗೆ ಕೊಟ್ಟು ಮುತ್ತಜ್ಜ ದಾನಿ ಅನಿಸಿಕೊಂಡ. ಸಾಲಿ ಕಾಲೇಜಾತು, ಕಾಲೇಜು ಯೂನಿವರ್ಸಿಟಿ ಆತು. ಎಲ್ಲಾರಕಿಂತ ಮೊದಲು ಓಡಿ ಗೆದ್ದ ವೀರನ ಗುರುತು ಅಂತ ಯಾರೋ ಕಥಿ ಕಟ್ಟಿದ್ರು, ನೀವು ಎದಿಗೆ ಬಳಕೊಂಡ್ರಿ. ನಿಮ್ಮ ತಪ್ಪಲ್ಲ. ಗೊತ್ತಿದ್ದ ನಾವು ಸುಮ್ಮನಿದ್ವಿ, ಕರದಾಗೆಲ್ಲ ಹೋಗಿ ಹಾರ ಹಾಕಿಸಿಕೊಂಡ್ವಿ. ನಾಚಿಕಿಗೇಡು ನಮ್ಮ ಬಾಳೇವು.

ಅದಕ್ಕ ವರ್ಷಕ್ಕೊಮ್ಮೆ, ನೀವು ಮೈದಾನದಾಗ ಕುಣಿಯೋ ಇವತ್ತಿನ ದಿನಾನೇ, ನಮ್ಮ ಮನಿ ಬಾಗಿಲಿಗೆ ಆಡಿನ ಕೂದಲ ಹಗ್ಗ ಬಿಗೀತೀವಿ. ಲಚಮವ್ವನ ನಡದ ಎತ್ತರಕ್ಕ. ಹೊತ್ತು ಮುಳುಗುವಾಗ ನೆಲಕ್ಕಿಳಿಸ್ತೀವಿ. ಸೊಸ್ತೇರು, ಮೊಮ್ಮಕ್ಕಳು, ದನಕರ, ದಾರಿಹೋಕರು ಎಲ್ಲಾರೂ ದಾಟ್ತಾರ. ಮನಿ ಹಿರೇರು ತುದಿ ಹಿಡಕೊಂಡು ನಿಲ್ತೀವಿ, ಕಡೀಕ ದಾಟ್ತೀವಿ. ತೊಡಿಗೆ ಮಣ್ಣು ಹಚ್ಚಂಗಿಲ್ಲ, ಅದು ಕಾದು ನಿಂತವರ ಗುರುತು. ನಾವು ಎದಿಗೇ ಹಚ್ಚಿ ಅಂಗಿ ಗುಂಡಿ ಹಾಕ್ಕೊಂತೀವಿ.

ಹಾರ ಒಯ್ಯಿರಿ ತಮ್ಮಾ. ಸಂಜಿಗೆ ಬೇಕಾದ್ರ ಬರ್ರಿ, ನನಗೂ ವಯಸ್ಸಾತು, ಹಗ್ಗ ಹಿಡಿಯಾಕ ಒಬ್ಬರು ಬೇಕು. ಆದ್ರ ಹಿಡಿದವರು ಎಲ್ಲಾರೂ ದಾಟೋ ತನಕ ಬಿಡಂಗಿಲ್ಲ.