ಬೊಂಬೆಗೆ ಕುತ್ತಿಗೆ ಸೇರಿಸಿದ್ದು

ಒಂದಾನೊಂದು ಕಾಲ ಕಣೇ, ನಮ್ಮಜ್ಜಿಗೂ ಅಜ್ಜಿ ಹುಟ್ಟಿರ್ಲಿಲ್ಲ ಆಗ. ಕಾಲು ಒದೀಬೇಡ, ಸುಮ್ನೆ ಮಲಕ್ಕೊಂಡು ಕೇಳು. ಹೊನ್ನಾಜಿ, ಮುದ್ದಾಜಿ, ನಿಂಗಾಜಿ ಅಂತ ಮೂರು ಜನ ಅಕ್ಕತಂಗೇರು ಇದ್ರಂತೆ. ಮದುವೆ ಮನೆ ಗೋಡೆಗೆ ಅಚ್ಚು ಹಾಕೋದು ಅವರ ಕಸುಬು. ತೊಗಲಲ್ಲಿ ಹೂವು, ಬಳ್ಳಿ, ಗಿಳಿ, ಹೆಣ್ಣು ಬೊಂಬೆ ಅಂತ ತೂತು ಕತ್ತರಿಸಿ, ಅದನ್ನ ಗೋಡೆಗೆ ಒತ್ತಿ ಹಿಡಿದು, ಬಟ್ಟೆ ಉಂಡೇಲಿ ಕೆಮ್ಮಣ್ಣು ತಟ್ಟಿದ್ರೆ ಚಿತ್ರ ಬೀಳೋದಂತೆ. ತೊಗಲು ಉದುರಬಾರದು ಅಂತ ನಡುನಡುವೆ ಸಣ್ಣ ಪಟ್ಟಿ ಬಿಟ್ಟಿರ್ತಾರಲ್ಲ, ಅಲ್ಲಿ ಬಣ್ಣ ಕೂರಲ್ಲ, ಚಿತ್ರ ತುಂಡು ತುಂಡಾಗಿ ಕಾಣುತ್ತೆ. ಆಮೇಲೆ ಕಡ್ಡೀಲಿ ಬಣ್ಣ ಹಚ್ಚಿ ಸೇರಿಸ್ಬೇಕು. ಅವರಮ್ಮ ಸಾಯೋವಾಗ ಹೇಳಿದ್ಲಂತೆ, ಏನು ಬೇಕಾದ್ರೂ ಸೇರಿಸಿ, ಹೆಣ್ಣು ಬೊಂಬೆಗೆ ಮಾತ್ರ ಕಾಲು, ಕೈ, ಕುತ್ತಿಗೆ ಸೇರಿಸ್ಬೇಡ್ರವ್ವಾ ಅಂತ.

ಒಂದ್ಸಲ ಒಂದು ದೊಡ್ಡ ಮನೇಲಿ ಅಚ್ಚು ಹಾಕಿದ್ರಂತೆ. ಯಜಮಾನಿ ಬಸಲಿಂಗಮ್ಮ ನೋಡಿ, ಇದೇನ್ರೇ, ಶುಭಕಾರ್ಯದ ಮನೇಲಿ ಕತ್ತು ಕುಯ್ದ ಬೊಂಬೆ, ಅಂತ ರೇಗಿದ್ಲಂತೆ. ಚಿಕ್ಕೋಳು ನಿಂಗಾಜಿ ಬೇಡ ಕಣಕ್ಕಾ ಬೇಡ ಅಂದ್ರೂ ದೊಡ್ಡೋಳು ಹೊನ್ನಾಜಿ ಕೇಳ್ಬೇಕಲ್ಲ, ಮಹಾ ಹಟಮಾರಿ! ಮೊದಲನೇ ದಿನ ಕಾಲು ಸೇರಿಸಿದ್ಲು. ಮಾರನೇ ಮಧ್ಯಾಹ್ನ ನೋಡಿದ್ರೆ ಹಜಾರದ ತುಂಬ ಕೆಂಪು ಹೆಜ್ಜೆ. ಯಾವುದೋ ಮಗು ಕೆಮ್ಮಣ್ಣು ತುಳಿದಿರ್ಬೇಕು ಅಂದ್ಕೊಂಡು ಒರೆಸಿದ್ರಂತೆ. ಎರಡನೇ ದಿನ ಕೈ ಸೇರಿಸಿದ್ಲು. ಮದುವೆ ಹುಡುಗಿ ಒಬ್ಬಳೇ ಕೂತಿದ್ಲಂತೆ, ಹಿಂದಿನಿಂದ ಯಾರೋ ಮೆಲ್ಲಗೆ ತಲೆ ಬಾಚಿದ್ರಂತೆ, ಅವ್ವ ಅಂದ್ಕೊಂಡು ತಿರುಗಿದ್ರೆ ಯಾರೂ ಇಲ್ಲ, ಜಡೆ ತುಂಬ ಕೆಮ್ಮಣ್ಣು. ಮೂರನೇ ದಿನ ಕುತ್ತಿಗೇನೂ ಸೇರಿಸಿಬಿಟ್ಲಂತೆ, ಪಾಪಿ.

ಆಮೇಲೆ ನಿಂಗಾಜಿ ನೀರು ತಂದು ನೋಡ್ತಾಳೆ, ಹೊನ್ನಾಜಿ ಬೆನ್ನು ಹಾಕ್ಕೊಂಡು ಕೂತವ್ಳೆ. ಅಕ್ಕಾ ಅಂದ್ರೆ ತಿರುಗಲ್ಲ. ಭುಜ ಮುಟ್ಟಿದ್ರೆ ಹಸಿ ಗೋಡೆ ಮುಟ್ಟಿದಂಗೆ ತಣ್ಣಗೆ. ಗೋಡೆ ಕಡೆ ನೋಡಿದ್ರೆ ಬೊಂಬೆ ಮೂಗಲ್ಲಿ ಹೊನ್ನಾಜಿ ಮೂಗುಬೊಟ್ಟು, ಕೆನ್ನೇಲಿ ಹೊನ್ನಾಜಿ ಮಚ್ಚೆ! ಮುದ್ದಾಜಿ ಕಿಟಾರನೆ ಕಿರುಚಿದ್ಲಂತೆ. ಬಸಲಿಂಗಮ್ಮ ಹೆದರಿ, ಬೇಗ ಗೋಡೆಗೆ ಸುಣ್ಣ ಬಳೀರೋ ಅಂತ ಕೂಗಿದ್ಲಂತೆ. ಬಳಿದ್ರೆ ಅಕ್ಕನೇ ಇಲ್ಲವಾಗ್ತಾಳಲ್ಲ! ನಿಂಗಾಜಿ ಗೋಡೆಗೆ ಅಡ್ಡ ನಿಂತು, ಒಳಗೆ ನಮ್ಮಕ್ಕ ಅವ್ಳೆ, ಮೊದಲು ನನ್ನ ಮೇಲೆ ಬಳೀರಿ ಅಂದ್ಲಂತೆ.

ಸೇರಿಸಿದ್ದಕ್ಕೆ ತಾನೇ ಬೊಂಬೆ ಎದ್ದು ಬಂತು, ಮತ್ತೆ ತುಂಡು ಮಾಡಿದ್ರೆ ಹೋಗುತ್ತೆ ಅಂತ ಅವಳಿಗೆ ಹೊಳೀತಂತೆ. ಸುಣ್ಣದ ಬಟ್ಟಲು ಕಿತ್ಕೊಂಡು, ಅಕ್ಕನ ರೂಪದಲ್ಲಿ ಕೂತಿದ್ದ ಅದರ ಹತ್ರ ಹೋಗಿ, ಗೆಜ್ಜೆ ಕಟ್ತೀನಿ ತಾಯಿ ಅಂತ ಕಾಲಿನ ಸುತ್ತ ಬಿಳೀ ಗೆರೆ ಎಳೆದ್ಲಂತೆ, ಕಾಲು ಮರಗಟ್ಟಿತು. ಆಮೇಲೆ ಬಳೆ ತೊಡಿಸ್ತೀನಿ ಅಂತ ಮಣಿಕಟ್ಟಿಗೆ ಎಳೆದ್ಲು, ಕೈ ಜೋತುಬಿತ್ತು. ಆಮೇಲೆ ಸರ ಹಾಕ್ತೀನಿ ಅಂತ ಕುತ್ತಿಗೆಗೆ ಎಳೀವಾಗ ಅದು ಮುಖ ತಿರುಗಿಸ್ತಂತೆ. ಕಣ್ಣೇ ಇಲ್ಲ, ಬರೀ ಕೆಮ್ಮಣ್ಣು. ಆದ್ರೂ ನಿಂಗಾಜಿ ಬಿಡದೆ ಗೆರೆ ಮುಗಿಸಿದ್ಲಂತೆ. ಧೊಪ್ಪಂತ ಹೊನ್ನಾಜಿ ನೆಲಕ್ಕೆ ಬಿದ್ಲು, ಬೊಂಬೆ ಗೋಡೆ ಮೇಲೆ ತುಂಡು ತುಂಡಾಗಿ ನಿಂತ್ಕೊಂಡಿತು.

ಮದುವೆ ಚೆನ್ನಾಗೇ ಆಯ್ತು, ಮೂವರೂ ಹೊಟ್ಟೆ ತುಂಬ ಹೋಳಿಗೆ ಉಂಡ್ರು. ಆದ್ರೆ ಮನೆಗೆ ಬಂದ್ಮೇಲೆ ಹೊನ್ನಾಜಿ ನಿಂಗಾಜೀನ ತಬ್ಕೊಂಡು ಅಳ್ತಾ ಹೇಳಿದ್ಲಂತೆ, ಸುಣ್ಣ ಬಳೀರಿ ಅಂದಿದ್ದು ನಂಗೆ ಕೇಳಿಸ್ತು ಕಣೇ, ನೀನು ಅಡ್ಡ ನಿಂತಿದ್ದೂ ಕೇಳಿಸ್ತು, ಗೋಡೆ ಒಳಗೆ ನನ್ನ ಪಕ್ಕ ಇನ್ನೂ ಎಷ್ಟೋ ಹೆಣ್ಮಕ್ಕಳು ನಿಂತಿದ್ರು, ಅವರ ಮೇಲೆ ಸುಣ್ಣ ಬಳಿಯೋವಾಗ ಯಾರೂ ಅಡ್ಡ ನಿಂತಿರ್ಲಿಲ್ಲ ಅಂತ.

ಅಷ್ಟೇ ಕಣೇ, ಕತೆ ಮುಗೀತು. ಆ ಗೋಡೆ ಕಡೆ ಏನು ನೋಡ್ತೀಯ, ನನ್ನ ಕಡೆ ತಿರುಗಿ ಮಲಕ್ಕೋ.