ಗಾಳೆವ್ವನ ದೀಪಕ್ಕೆ ಬಂದ ಓತಿಕ್ಯಾತಗಳು

ಹಗಲಿಗೆ ಸೂರ್ಯನನ್ನೂ ಇರುಳಿಗೆ ದೀಪವನ್ನೂ ಕೊಟ್ಟು, ಆನೆಯಿಂದ ಇರುವೆಯವರೆಗೆ ಯಾರ ತುತ್ತನ್ನೂ ಮರೆಯದ ಆ ಶಿವನ ಪಾದಕ್ಕೆ ಮೊದಲು ಕೈಮುಗಿಯೋಣ. ಆಮೇಲೆ ಗಾಳೆವ್ವನ ಮಾತು.

ಬಲು ಹಿಂದೆ, ಹೊಳೆದಂಡೆಯ ಬಂಡೆಗಳ ನಡುವೆ ಒಂದು ಊರಿತ್ತಂತೆ. ನಡುಹೊಳೆಯಲ್ಲಿ ಸುಳಿ, ಸುಳಿಯ ಮಗ್ಗುಲಲ್ಲೇ ಚೂಪುಗಲ್ಲು. ಕತ್ತಲಾದ ಮೇಲೆ ಹರಿಗೋಲು ಈಚೆಗೆ ಬರಬೇಕಾದರೆ ದಂಡೆಯ ದೊಡ್ಡ ಬಂಡೆಯ ಮೇಲಿನ ದೀಪವೇ ದಾರಿ. ಅದನ್ನು ಕಾಯುತ್ತಿದ್ದವಳು ಗಾಳೆವ್ವ. ಮದುವೆಯಾದ ವರ್ಷವೇ ಗಂಡ ಆ ಕತ್ತಲ ಹೊಳೆಗೆ ಸಂದಿದ್ದನಂತೆ. ಮರುಸಂಜೆಯಿಂದ ಅವಳು ದೀಪ ಹಚ್ಚತೊಡಗಿದಳು. ಮತ್ತೆ ಒಂದು ಸಂಜೆಯೂ ತಪ್ಪಿಸಲಿಲ್ಲ ಅಂತಾರೆ.

ಓತಿಕ್ಯಾತ ಬಿಸಿಲಿನ ಜೀವ. ಹೊತ್ತು ಮುಳುಗಿದರೆ ಸಂದಿ ಸೇರಿ ಮಲಗುತ್ತದೆ. ಆದರೆ ಗಾಳೆವ್ವ ದೀಪ ಹಚ್ಚಿದರೆ, ಬಿಸಿಲು ಕುಡಿದ ಬಂಡೆ ಇನ್ನೂ ಬೆಚ್ಚಗಿರುವಾಗ, ಅವು ಒಂದೊಂದಾಗಿ ಹೊರಬಂದು ಬೆಳಕಿನ ಅಂಚಿಗೆ ಕೂರುತ್ತಿದ್ದವಂತೆ. ಬೆಳಕಿಗೆ ಬಂದ ಹುಳವನ್ನು ಟಪ್ಪನೆ ಹಿಡಿದು ನುಂಗುತ್ತಿದ್ದವಂತೆ. ಎಲ್ಲದಕ್ಕೂ ತಲೆಯಾಡಿಸುವ ಒಂದು ದಪ್ಪ ಓತಿಗೆ ಅವಳು ಶಾನಭೋಗ ಅಂತ ಹೆಸರಿಟ್ಟಿದ್ದಳು. "ಏನ್ರಿ ಶಾನಭೋಗ್ರ, ಊಟ ಆತೇನ್ರಿ?" ಅಂತ ಕೇಳಿದರೆ ಅದು ತಲೆಯಾಡಿಸುತ್ತಿತ್ತಂತೆ.

ಊರಗೌಡ ಸೋಮನಗೌಡನಿಗೆ ಇದು ಸರಿಬರಲಿಲ್ಲ. ಹಗಲಿನ ಜೀವ ಇರುಳಲ್ಲಿ ತಿರುಗಿದರೆ ಊರಿಗೆ ಕೇಡು ಅಂದ.

"ಹಸಿವಿಗೆ ಹಗಲೇನು, ರಾತ್ರಿ ಏನ್ರಿ ಗೌಡ್ರ? ನೀವೂ ನಡುರಾತ್ರಿ ಅಡಗಿಮನಿ ಹೊಕ್ತೀರಂತ, ಗೌಡಸಾನೇರು ಹೇಳ್ಯಾರ," ಅಂದಳು ಗಾಳೆವ್ವ.

ಸುತ್ತ ನಿಂತವರು ನಕ್ಕರು. ಗೌಡನಿಗೆ ಅದು ಚುಚ್ಚಿತು.

ಮೊದಲ ಮಳೆ ಬಿದ್ದು ನಿಂತ ದಿನ. ಗಾಳೆವ್ವ ಎಣ್ಣೆಗೆಂದು ಗಾಣದ ಮನೆಗೆ ಹೋಗಿದ್ದಳು. ಹೊತ್ತು ಮುಳುಗಿ ಓತಿಗಳು ಸಂದಿ ಸೇರಿದ್ದೇ ತಡ, ಗೌಡ ಆಳುಗಳನ್ನು ಕರೆತಂದು ಬಂಡೆಯ ಸಂದಿಗಳಿಗೆಲ್ಲ ಕೆಸರು ಮೆತ್ತಿಸಿಬಿಟ್ಟನಂತೆ.

ಅವಳು ಬಂದು ದೀಪ ಹಚ್ಚಿದಳು. ಮಳೆಯಾದ ಸಂಜೆ ನೆಲದಿಂದ ರೆಕ್ಕೆಯ ಗೆದ್ದಲು ಏಳುವುದನ್ನು ನೀವೂ ನೋಡಿದ್ದೀರಿ. ಅವು ಮೋಡದಂತೆ ಬಂದು ಎಣ್ಣೆಗೆ ಬಿದ್ದವು. ಬತ್ತಿ ಮುಳುಗಿ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಆಚೆ ದಡಕ್ಕೆ ಕೂಲಿಗೆ ಹೋದ ಹೆಣ್ಣುಮಕ್ಕಳೆಲ್ಲ ಆಗ ಹರಿಗೋಲಿನಲ್ಲಿ ಹೊಳೆಯ ನಡುವೆ ಇದ್ದರು. ಅಂಬಿಗರ ಯಂಕೋಬನ ಕೂಗು ಕೇಳಿತು: "ಗಾಳೆವ್ವಾ! ದೀಪ ಎಲ್ಲೈತಬೇ?"

ಮರೆಯಲ್ಲಿ ನಿಂತು ನೋಡುತ್ತಿದ್ದ ಗೌಡ ಕೂಗು ಕೇಳಿ ಓಡಿಬಂದು, ಸಂದಿ ಮುಚ್ಚಿಸಿದ್ದು ತಾನೇ ಅಂದನಂತೆ. ಗಾಳೆವ್ವ ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ಹೊಸ ಬತ್ತಿ ಹೊಸೆದು ಹಚ್ಚಿ ಅವನ ಕೈಗೇ ಕೊಟ್ಟಳು.

"ದೀಪ ನೀವು ಹಿಡೀರಿ. ಸಂದಿ ನಾ ಬಿಡಸ್ತೀನಿ."

ಗೌಡ ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯಿಂದ ರುಮಾಲು ಬಿಚ್ಚಿ, ಹೊಳೆಯ ಕಡೆಗೆ ಬೆಳಕು ಬಿಟ್ಟು ಉಳಿದ ಮೂರು ಕಡೆ ಹುಳಕ್ಕೆ ಅಡ್ಡ ಹಿಡಿದ. ಅವಳು ಶಿವ ಶಿವ ಅನ್ನುತ್ತಾ ಬೆರಳಿನಿಂದಲೇ ಕೆಸರು ಕಿತ್ತಳು. ಉಗುರು ಹರಿದು ನೆತ್ತರು ಬಂತಂತೆ. ಒಳಗಿಂದ ಮೊದಲು ಬಂದದ್ದು ಶಾನಭೋಗನೇ. ಅದರ ಹಿಂದೆ ಇನ್ನೊಂದು, ಮತ್ತೊಂದು. ಬಂಡೆಯೇ ಎದ್ದು ನಡೆದಂತಿತ್ತು ಅಂತಾರೆ; ಎಷ್ಟಿದ್ದವೋ, ಆ ದೇವರೊಬ್ಬನೇ ಬಲ್ಲ. ಗೌಡನ ಧೋತರ ಹಿಡಿದು ಹತ್ತಿದವು, ತೋಳ ಮೇಲೆ ಕೂತವು, ಬಂದ ಹುಳವನ್ನು ಬಂದಂತೆ ನುಂಗಿದವು. ಗೌಡ ಮಿಸುಕಲಿಲ್ಲ. ದೀಪ ನಿಂತಿತು. ಹರಿಗೋಲು ಸುಳಿಯ ಬದಿಯಿಂದ ಸರಿದು ದಂಡೆ ಮುಟ್ಟಿತು. ಇಳಿದ ಹೆಣ್ಣುಮಕ್ಕಳು ಗಾಳೆವ್ವನ ಕೈ ನೋಡಿ ಅತ್ತುಬಿಟ್ಟರಂತೆ.

ಅವಳು ಹೋಗಿ ಕಾಲ ಎಷ್ಟಾಯಿತೋ. ಆ ಊರಲ್ಲಿ ಇಂದಿಗೂ ಗೋಡೆಗೆ ಮಣ್ಣು ಮೆತ್ತುವಾಗ ದೀಪದ ಗೂಡಿನ ಪಕ್ಕ ಬೆರಳಗಲದ ಸಂದಿ ಬಿಡುತ್ತಾರೆ. ಅದಕ್ಕೆ ಗಾಳೆವ್ವನ ಬಾಗಿಲು ಅಂತಾರೆ. ಎಂಥ ಸಿರಿವಂತನ ಮನೆಯಾದರೂ ಅದನ್ನು ಮುಚ್ಚುವುದಿಲ್ಲ.

ಕೇಳಿದ ನಿಮ್ಮೆಲ್ಲರ ಮನೆಯ ದೀಪ ನಿಲ್ಲಲಿ. ಹೊರಗೆ ಹೋದ ನಿಮ್ಮವರು ಸುಖವಾಗಿ ದಂಡೆ ಸೇರಲಿ. ಶಿವ ನಿಮ್ಮನ್ನು ತಣ್ಣಗಿಡಲಿ.